ಆನ್‌ಲೈನ್ ವರ್ಗಣಿ: ಐದಕ್ಕೆ ಎರಡೂವರೆ ಸ್ಟಾರ್

ಎರಡು ಸ್ಟಾರ್ ಆನ್‌ಲೈನ್‌ನಲ್ಲಿ ವರ್ಗಣಿ, ಅಂದರೆ ಚಂದಾ, ಎತ್ತಿಕೊಡುವ ಒಂದು ವೆಬ್‌ಸೈಟಿನ ಸೇವೆಗೆ, ಉಳಿದ ಅರ್ಧ ಅವರು ಕೊನೆಗೆ ಕಳಿಸಿದ ಎಕ್ಸೆಲ್ ಫೈಲಿಗೆ. ಆ ಫೈಲ್ ಮಾತ್ರ ಖರೇನ ಚಲೋ ಇತ್ತು. ರೊಕ್ಕ ಕೊಟ್ಟ 214 ಮಂದಿಯ ಹೆಸರು, ತಾರೀಖು, ಮೊತ್ತ, ಪಾವತಿ ನಂಬರು, ಎಲ್ಲ ಸಾಲಾಗಿ. ಸೇಲ್ಸ್ ಟ್ಯಾಕ್ಸ್ ಕಾಲದಿಂದ ಬೆಳಗಾವಿ ಶಹಾಪುರದ ಸೀರೆ ಅಂಗಡಿಗಳ ಲೆಕ್ಕ ಬರೆಯುತ್ತ ಬಂದವಳು ನಾನು. ಅಷ್ಟು ಸ್ವಚ್ಛ ಪಟ್ಟಿ ಕಂಡರೆ ಕಣ್ಣು ತಂಪಾಗುತ್ತದೆ.

ಸೇವೆಯ ಹೆಸರು ಬರೆಯುವುದಿಲ್ಲ. ರೊಕ್ಕ ತಡವಾಗಿಯಾದರೂ ಬಂತು, ಜಗಳ ಮುಗಿಯಿತು, ಮತ್ತೆ ಕೆದಕುವ ಹುರುಪು ನನಗಿಲ್ಲ. ಮಂದಿಯಿಂದ ಆನ್‌ಲೈನ್‌ನಲ್ಲಿ ರೊಕ್ಕ ಕೂಡಿಸಿ ಕೊಡುವ ವೆಬ್‌ಸೈಟು ಅಂದರೆ ಸಾಕು. ಕ್ರೌಡ್‌ಫಂಡಿಂಗ್ ಅಂತ ಅದಕ್ಕೆ ದೊಡ್ಡ ಹೆಸರು. ನಮ್ಮೂರಲ್ಲಿ ಗಣಪತಿ ಹಬ್ಬಕ್ಕೆ ಮಂಡಳದ ಹುಡುಗರು ಎತ್ತುವ ವರ್ಗಣಿ, ಹಳ್ಳಿಯಲ್ಲಿ ಜಾತ್ರಿಗೆ ಹಾಕುವ ಪಟ್ಟಿ, ಎರಡೂ ಅದೇ ಕೆಲಸ. ಗಣಪತಿ ಹುಡುಗರು ಕಮಿಷನ್ ಹಿಡಿಯುವುದಿಲ್ಲ, ಅಷ್ಟೇ. ಹಿಡಿದರೂ ಇನ್ವಾಯ್ಸ್ ಕೊಡುವುದಿಲ್ಲ.

ರೊಕ್ಕ ಬೇಕಾಗಿದ್ದು ಒಂದು ಕಿರುಚಿತ್ರಕ್ಕೆ. ನಮ್ಮ ಮಾಳಿಗೆ ಮೇಲಿನ ಖೋಲಿಯಲ್ಲಿ ನಾಲ್ಕು ವರ್ಷದಿಂದ ಒಬ್ಬ ಹುಡುಗಿ ಪೇಯಿಂಗ್ ಗೆಸ್ಟ್ ಇದ್ದಾಳೆ, ಇಲ್ಲಿ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರಿಕೆ, ಓದುತ್ತಾಳೆ. ಊರು ಕೊಲ್ಕತ್ತ. ಬಂದ ಮೊದಲ ವಾರ ಓಣಿಯವರು "ಮಣಿಪುರದಾಕಿ ಏನ್ರಿ? ನೇಪಾಳದಾಕಿ ಏನ್ರಿ?" ಅಂತ ನನ್ನನ್ನು ಕೇಳಿದರು, ಅವಳನ್ನು ಯಾರೂ ಕೇಳಲಿಲ್ಲ. ಅವಳ ಮುತ್ತಜ್ಜ ಚೀನಾದ ಹುಬೈ ಸೀಮೆಯಿಂದ ಬಂದು ಕೊಲ್ಕತ್ತದಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟವರು. ಅಲ್ಲಿನ ಚೀನೀಯರಲ್ಲಿ ಸೀಮೆಗೊಂದು ಕಸುಬಂತೆ. ಹುಬೈ ಕಡೆಯವರದು ಹಲ್ಲು, ಹಕ್ಕಾ ಜನರದು ಚರ್ಮ ಮತ್ತು ಬೂಟು, ಕ್ಯಾಂಟನ್ ಕಡೆಯವರದು ಬಡಿಗತನ. ನಮ್ಮಲ್ಲಿ ಬಡಿಗೇರ, ಕಂಬಾರ, ಚಮ್ಮಾರ ಇದ್ದ ಹಾಗೆ. ಮುತ್ತಜ್ಜನ ಕಸುಬು ಅಜ್ಜನಿಗೆ, ಅಪ್ಪನಿಗೆ ಬಂತು. ಇವಳು ಅದೇ ಕಸುಬಿಗೆ ಡಿಗ್ರಿ ತಗೊಳ್ಳಲು ಎರಡು ಸಾವಿರ ಕಿಲೋಮೀಟರ್ ದೂರ ಬಂದಿದ್ದಾಳೆ.

ಚಿತ್ರ ಅವಳ ಅಜ್ಜಿಯದು. ಅಜ್ಜಿ ಹುಟ್ಟಿದ್ದು 1953ರಲ್ಲಿ, ಅಸ್ಸಾಮಿನ ಮಾಕುಮ್‌ನಲ್ಲಿ, ಚಹಾ ತೋಟಗಳ ನಡುವೆ. 1962ರ ಅಕ್ಟೋಬರ್ 20ಕ್ಕೆ ಚೀನಾ ಜೊತೆ ಯುದ್ಧ ಶುರುವಾಗಿ ನವೆಂಬರ್ 21ಕ್ಕೆ ನಿಂತಿತು. ಯುದ್ಧ ಒಂದು ತಿಂಗಳದ್ದು. ಆದರೆ ಅದರ ಬೆನ್ನಿಗೆ ಅಸ್ಸಾಂ ಮತ್ತು ಉತ್ತರ ಬಂಗಾಳದ ಕಡೆಯಿಂದ ಚೀನೀ ಮೂಲದ ಸುಮಾರು 3,000 ಜನರನ್ನು, ಹೆಂಗಸರು ಮಕ್ಕಳು ಮುದುಕರು ಅನ್ನದೆ, ರೈಲು ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಕೆಲವರು 1967ರವರೆಗೂ ಅಲ್ಲೇ ಇದ್ದರು. ಕೆಲವರನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸಿದರು. ಅಜ್ಜಿಗೆ ಆಗ ಒಂಬತ್ತು ವರ್ಷ. ನನಗೆ ಕಾಯ್ದೆ ಪುಸ್ತಕ ತೆರೆದು ನೋಡುವ ಚಟ. 1955ರ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ ಮುಂದೆ, 1987ರ ಜುಲೈ 1ಕ್ಕೆ ಮೊದಲು, ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತದ ಪ್ರಜೆ. 1962ರ ಡಿಫೆನ್ಸ್ ಆಫ್ ಇಂಡಿಯಾ ಕಾಯ್ದೆ ಶತ್ರು ಮೂಲದವರು ಅಂತ ಅನುಮಾನ ಬಂದವರನ್ನು ಹಿಡಿದಿಡಬಹುದು ಅಂದಿತು. ಒಂಬತ್ತು ವರ್ಷದ ಆ ಹುಡುಗಿ ಎರಡೂ ಕಾಯ್ದೆಯೊಳಗೆ ಬರುತ್ತಿದ್ದಳು.

ಅಜ್ಜಿ ದೇವಲಿಯ ಮಾತೇ ಎತ್ತುತ್ತಿರಲಿಲ್ಲವಂತೆ. ಹೋದ ವರ್ಷ ಮೊಮ್ಮಗಳು ರಜೆಗೆ ಹೋದಾಗ ಹೊಸ ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯಲು ಕೂರಿಸಿದಳು. ಹಳೇ ಸೆಟ್ ತೆಗೆದು ನೀರಿನ ಬಟ್ಟಲಿಗೆ ಹಾಕಿದ ಮೇಲೆ ಅಜ್ಜಿ ಮಾತಾಡಲು ಶುರು ಮಾಡಿದರು. ಹಲ್ಲಿಲ್ಲದ ಬಾಯಿ, ಅರ್ಧ ಅಸ್ಸಾಮೀಸ್, ಅರ್ಧ ಹಿಂದಿ. ಇವಳಿಗೆ ತಿಳಿದದ್ದು ಅರ್ಧಕ್ಕರ್ಧ. ಸೆಟ್ ಹಾಕಿಕೊಂಡ ಕೂಡಲೇ ಮತ್ತೆ ಮೌನ. ಚಿತ್ರ ಇಷ್ಟೇ. 18 ನಿಮಿಷ. ತೆಗೆಯುವವನು ನನ್ನ ತಮ್ಮನ ಮಗ, ಬೆಳಗಾವಿಯಲ್ಲಿ ಮದುವೆ ಶೂಟಿಂಗ್ ಮಾಡುವ ಹುಡುಗ. ಬಜೆಟ್ 4 ಲಕ್ಷ. ಅದರಲ್ಲಿ ಯಾರಿಗೂ ಸಂಬಳವಿಲ್ಲ, ಸೌಂಡ್ ರೆಕಾರ್ಡ್ ಮಾಡುವವನೊಬ್ಬನ ಹೊರತು. ಅವನನ್ನು ಬಿಟ್ಟಿ ದುಡಿಸಿದರೆ ಬರೀ ಫ್ಯಾನ್ ಸಪ್ಪಳ ಕೇಳಿಸುತ್ತದೆ ಅಂತ ಮದುವೆ ಶೂಟಿಂಗ್‌ನವರಿಗೆ ಚೆನ್ನಾಗಿ ಗೊತ್ತು.

ರೊಕ್ಕ ಕೇಳಲು ಎರಡೂವರೆ ನಿಮಿಷದ ಒಂದು ವಿಡಿಯೋ ಬೇಕಿತ್ತು. ಅದನ್ನು ನಮ್ಮ ಅಡಿಗಿ ಮನೆಯಲ್ಲೇ ತೆಗೆದರು. ಅಜ್ಜಿಯ ಜಾಗದಲ್ಲಿ ನಮ್ಮ ಅತ್ತೆಯವರನ್ನು ಕೂರಿಸಿದರು, ಅವರಿಗೆ 81. ಹುಡುಗಿ ರಬ್ಬರ್ ಬಟ್ಟಲಲ್ಲಿ ಬಾಯಿಯ ಅಚ್ಚು ತೆಗೆಯುವ ಗುಲಾಬಿ ಪುಡಿಗೆ ನೀರು ಹಾಕಿ ಕಲೆಸಿದಳು. ಹಿಟ್ಟು ನಾದಿದ ಹಾಗೆ ಕಲೆಸಿದರೆ ಗಂಟಾಗುತ್ತದೆ, ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ತಿರುಗಿಸಬೇಕು, ಅದೂ ಒಂದು ನಿಮಿಷದೊಳಗೆ. ಟ್ರೇ ತುಂಬಿ ಬಾಯಿಗಿಟ್ಟು ಎರಡು ಮೂರು ನಿಮಿಷ ಹಿಡಿದಳು. ತೆಗೆದಾಗ ಅತ್ತೆಯವರ ವಸಡು, ವಸಡಿನ ಒಂದೊಂದು ಗೀರು ಗುಲಾಬಿ ರಬ್ಬರಿನಲ್ಲಿ ಅಚ್ಚಾಗಿ ಕೂತಿತ್ತು. ಅತ್ತೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು, "ಇದನ್ನ ಮಂದಿಗೆ ತೋರಸ್ತೀರೇನ?" ಅಂದರು. ಆ ಮಾತು ಹಲ್ಲಿಲ್ಲದೆ ಬಂದದ್ದರಿಂದ ನನಗೆ ಮಾತ್ರ ತಿಳಿಯಿತು. ತಮ್ಮನ ಮಗ ಅದನ್ನೇ ವಿಡಿಯೋದ ಕೊನೆಗೆ ಇಟ್ಟ.

ಇನ್ನು ಸೇವೆಯ ವಿಚಾರ.

ಪುಟ ತೆರೆಯುವುದು ಸುಲಭ, ಅದರಲ್ಲಿ ತಕರಾರಿಲ್ಲ. ಹಾಕಿಕೊಂಡ ಗುರಿ ಮುಟ್ಟಿದರೆ ಮಾತ್ರ ರೊಕ್ಕ ಕೈಗೆ ಬರುವುದು ಒಂದು ಪದ್ಧತಿ. ಎಷ್ಟು ಬಂದರೂ ಅಷ್ಟನ್ನು ಇಟ್ಟುಕೊಳ್ಳುವುದು ಇನ್ನೊಂದು. ನಾವು ಎರಡನೆಯದನ್ನು ಹಿಡಿದೆವು. 45 ದಿನ. ನಮಗೊಬ್ಬ ಕ್ಯಾಂಪೇನ್ ಮ್ಯಾನೇಜರ್ ಸಿಕ್ಕ; ಆ 45 ದಿನದಲ್ಲಿ ಅವನು ಮೂರು ಸಲ ಬದಲಾದ. ಮೊದಲನೆಯವನ ಸಲಹೆ: ಮುಖಪುಟಕ್ಕೆ ಕೆಂಪು ಲಾಟೀನು, ಡ್ರ್ಯಾಗನ್ ಚಿತ್ರ ಹಾಕಿ. ಹುಡುಗಿ ಹೇಳಿದಳು, ನಮ್ಮ ಮನೆಯಲ್ಲಿ ಇರೋದು ಟ್ಯೂಬ್‌ಲೈಟ್. ಹಾಗಾದರೆ ಅಜ್ಜಿ ಅಳುವ ಫೋಟೋ ಕೊಡಿ, ಅಳುವ ಫೋಟೋ ಇದ್ದರೆ ಜಾಸ್ತಿ ಬರುತ್ತದೆ, ಅಂದ ಮ್ಯಾನೇಜರ್. ನಮ್ಮಜ್ಜಿ ಅಳೋದು ಬಂಗಾಳಿ ಸೀರಿಯಲ್ ನೋಡಿದಾಗ ಮಾತ್ರ, ಅಂದಳು. ಕೊನೆಗೆ ಸ್ಟೀಲ್ ಬಟ್ಟಲಿನ ನೀರಿನಲ್ಲಿ ಮುಳುಗಿದ ಹಲ್ಲಿನ ಸೆಟ್ಟಿನ ಫೋಟೋ ಹಾಕಿದೆವು. ಮಂದಿ ಹೆದರುತ್ತಾರೆ ಅಂದ. ನನಗಂತೂ ಆ ಫೋಟೋ ಭಾಳ ಸೇರಿತು.

ರೊಕ್ಕ ಕೊಟ್ಟವರಿಗೆ ಪ್ರತಿಯಾಗಿ ಏನಾದರೂ ಕೊಡಬೇಕು ಅನ್ನುವುದು ಅಲ್ಲಿನ ರೂಢಿ. ಎರಡನೇ ಮ್ಯಾನೇಜರ್ ಫಾರ್ಚೂನ್ ಕುಕಿ ಕಳಿಸಿ ಅಂದ. ಒಳಗೆ ಭವಿಷ್ಯದ ಚೀಟಿ ಇರುವ ಆ ಬಿಸ್ಕತ್ತು ಜಗತ್ತಿಗೆ ಹಬ್ಬಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ, ಅದೂ ಅಲ್ಲಿನ ಜಪಾನೀ ವಲಸಿಗರ ಕೈಯಿಂದ. ಅದಕ್ಕಿಂತ ನಮ್ಮ ಖಡೇಬಜಾರದ ಗಾಡಿ ಮೇಲಿನ ಗೋಬಿ ಮಂಚೂರಿಗೆ ಚೀನೀ ನಂಟು ಹೆಚ್ಚು: ಕೊಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ಲಬ್ಬೊಂದರಲ್ಲಿ ಮಾಡಿದ ಚಿಕನ್ ಮಂಚೂರಿಯನ್ನಿನ ಮೊಮ್ಮಗ ಅದು. ಇವೆಲ್ಲ ಬಿಟ್ಟು, 2,000 ರೂಪಾಯಿ ಕೊಟ್ಟವರಿಗೆ ಬೆಳಗಾವಿ ಕುಂದಾ ಕಾಲು ಕಿಲೋ ಅಂತ ನಾನೇ ಬರೆಸಿದೆ. 19 ಮಂದಿ ಕುಂದಾಕ್ಕಾಗಿಯೇ ಕೊಟ್ಟರು ಅಂತ ನನ್ನ ಅನುಮಾನ.

ಈಗ ಸ್ಟಾರ್ ಕಡಿತದ ಮುಖ್ಯ ಕಾರಣ. ಪುಟ ತೆರೆದ ಮೂರನೇ ದಿನ ಮೇಲ್ ಬಂತು, ರೊಕ್ಕ ಪಡೆಯುವವರ ಗುರುತು ತಾಳೆಯಾಗುತ್ತಿಲ್ಲ ಅಂತ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ. ಅಪ್‌ಲೋಡ್ ಮಾಡಿದವಳು ನಾನೇ. ಹೆಸರು ತಾಳೆ ನೋಡುವುದು ನನ್ನ ದಿನದ ಕೆಲಸ. ಮತ್ತೆ ಕಳಿಸಿದೆವು. ಎರಡು ದಿನ ಬಿಟ್ಟು ಇನ್ನೊಂದು ಮೇಲ್: ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕಳಿಸಿ.

ಹುಡುಗಿ ಫೋನ್ ನನ್ನ ಕೈಗೆ ಕೊಟ್ಟು ಮೇಲೆ ಹೋದಳು. ಕೆಳಗೆ ಬಂದಾಗ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲ್. ಅದರಲ್ಲಿ ಅವಳ ಜನನ ಪ್ರಮಾಣಪತ್ರ, ಅವಳ ಅಪ್ಪನದು, ಹತ್ತನೇ ಇಯತ್ತೆಯ ಅಂಕಪಟ್ಟಿ, ವೋಟರ್ ಕಾರ್ಡ್, ಎಲ್ಲದರ ಎರಡೆರಡು ಜೆರಾಕ್ಸ್. ತೀರಾ ಒಳಗಿನ ಕವರಿನಲ್ಲಿ ಅಜ್ಜಿಯ ಹಳೇ ಕಾಗದಗಳ ಪ್ರತಿ. ಶಿಬಿರ ಬಿಟ್ಟ ಮೇಲೂ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿದ್ದ, ಊರು ಬಿಡಲು ಅಪ್ಪಣೆ ಬೇಕಿದ್ದ ಕಾಲದವು. ಮೊಹರಿನ ಮೇಲೆ ಮೊಹರು ಬಿದ್ದು, ಕೆಲವು ಕಡೆ ಕೆಳಗಿನ ಅಕ್ಷರವೇ ಕಾಣುವುದಿಲ್ಲ.

"ಇದು ಯಾವಾಗಲೂ ರೆಡಿ ಇರ್ತದ ಆಂಟಿ," ಅಂದಳು. "ನಮ್ಮನೇಲಿ ಎಲ್ಲಾರ ಹತ್ರಾನೂ ಒಂದೊಂದು ಫೈಲ್ ಅದ."

ನಾಲ್ಕು ವರ್ಷದಲ್ಲಿ ನಾನು ಕಲಿಸಿದ ಕನ್ನಡದಲ್ಲಿ ಅವಳು ಅದನ್ನು ಹೇಳಿದಳು. ನಮ್ಮ ಮನೆಯಲ್ಲಿ ನನ್ನ ಮಗನ ಜನನ ಪ್ರಮಾಣಪತ್ರ ಎಲ್ಲಿದೆ ಅಂತ ಕೇಳಿದರೆ ಇವತ್ತಿಗೂ ಟ್ರಂಕ್ ಇಳಿಸಬೇಕು.

ಸಹಾಯಕ್ಕೆ ಅಂತ ಒಂದು ಚಾಟ್ ಕಿಟಕಿ ಇತ್ತು. ಏನು ಬರೆದರೂ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಅನ್ನುವುದು, ಕೆಳಗೆ ಮೂರು ಬಟನ್ ತೋರಿಸುವುದು. ಮೂರರಲ್ಲಿ ಒಂದೂ ನಮ್ಮ ತೊಂದರೆಯಲ್ಲ. ಕೊನೆಗೆ ನಾನು ತೆರಿಗೆ ಇಲಾಖೆಗೆ ಬರೆಯುವ ಧಾಟಿಯಲ್ಲಿ ಒಂದು ಪತ್ರ ಬರೆದೆ: ಕೊಟ್ಟ ದಾಖಲೆ ಇಂತಿಂಥವು, ಕೊಟ್ಟ ತಾರೀಖು ಇಂತಿಂಥದು, ಭಾರತದ ಪ್ರಜೆಯಿಂದ ವೀಸಾ ಕೇಳಲು ಯಾವ ನಿಯಮ ಆಧಾರ, ಲಿಖಿತವಾಗಿ ತಿಳಿಸಿ. ಅದಾದ ಮೇಲೆ ಮನುಷ್ಯರೊಬ್ಬರು ಫೋನ್ ಮಾಡಿದರು. ಅಡ್ಡಹೆಸರು ನೋಡಿ ಸಿಸ್ಟಂ ಹಿಡಿದಿದೆ ಮೇಡಂ, ನಾವು ಹಿಡಿದದ್ದಲ್ಲ, ಅಂದರು. ಸಿಸ್ಟಂಗೆ ಆ ಅಡ್ಡಹೆಸರು ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಆ ಕಡೆ ಕೀಬೋರ್ಡ್ ಸಪ್ಪಳ ಬಿಟ್ಟರೆ ಉತ್ತರವಿಲ್ಲ.

ಒಟ್ಟು 11 ದಿನ. ಅಷ್ಟೂ ದಿನ ನಮ್ಮ ಪುಟದ ನೆತ್ತಿಯ ಮೇಲೆ "ಪರಿಶೀಲನೆ ಬಾಕಿ" ಅಂತ ಹಳದಿ ಪಟ್ಟಿ. ಇಂಥ ಪುಟಕ್ಕೆ ಮೊದಲ ಹತ್ತು ದಿನವೇ ಜೀವ. ಗೆಳೆಯರು ಗೆಳೆಯರಿಗೆ ಲಿಂಕ್ ಕಳಿಸುವುದು ಆಗಲೇ. ಹಾಲು ಉಕ್ಕುವ ಹೊತ್ತಿಗೆ ಸಿಲಿಂಡರ್ ಖಾಲಿಯಾದ ಹಾಗಾಯಿತು. ಹಳದಿ ಪಟ್ಟಿ ನೋಡಿ ನನ್ನ ಕಕ್ಷಿದಾರರೇ ಇಬ್ಬರು "ಇದು ಫ್ರಾಡ್ ಅಲ್ಲಲ್ರೀ ಮ್ಯಾಡಮ್?" ಅಂತ ಫೋನ್ ಮಾಡಿದರು.

ಪಟ್ಟಿ ಹೋದ ದಿನವೇ ಮೂರನೇ ಮ್ಯಾನೇಜರ್ ಬಂದ. ನಿಮ್ಮ ಪುಟ ಮಂದವಾಗಿದೆ, ಪ್ರಚಾರ ಪ್ಯಾಕೇಜ್ ತಗೊಳ್ಳಿ, 12,000 ರೂಪಾಯಿ, ಜಿಎಸ್‌ಟಿ ಬೇರೆ, ಅಂದ. ಬೇಡ ಅಂದೆ. ತಮ್ಮನ ಮಗ "ಅತ್ತಿ, ಒಂದ್ಸಲ ನೋಡೂಣು" ಅಂದ. ನೋಡಿದೆವು. 14,160 ಕೊಟ್ಟೆವು. ಆ ಜಾಹೀರಾತು ಒತ್ತಿ ಬಂದವರು ಮೂವರು: 100, 500, 500. ಮೂವರಲ್ಲಿ ಒಬ್ಬ ನನ್ನ ತಮ್ಮನ ಮಗನಿಗೆ ಕ್ಯಾಮೆರಾ ಲೆನ್ಸ್ ಬಾಡಿಗೆ ಕೊಡುವವನು.

ಲೆಕ್ಕ ಹೇಳುತ್ತೇನೆ, ಇದಕ್ಕೆ ಅಂತಲೇ ಬರೆಯಲು ಕೂತದ್ದು. ಬಂದದ್ದು 2,36,500. ಸೇವೆಯ ಶುಲ್ಕ ನೂರಕ್ಕೆ 8ರಂತೆ 18,920. ಆನ್‌ಲೈನ್ ರೊಕ್ಕ ದಾಟಿಸಿಕೊಡುವ ಪಾವತಿ ಗೇಟ್‌ವೇಗೆ ನೂರಕ್ಕೆ ಎರಡೂವರೆಯಂತೆ 5,912 ರೂಪಾಯಿ 50 ಪೈಸೆ. ಇವೆರಡರ ಮೇಲೆ ಜಿಎಸ್‌ಟಿ ನೂರಕ್ಕೆ 18ರಂತೆ 4,469 ರೂಪಾಯಿ 85 ಪೈಸೆ. ಪ್ಯಾಕೇಜ್ 14,160. ಎಲ್ಲ ಕಳೆದು ಖಾತೆಗೆ ಬಿದ್ದದ್ದು 1,93,037 ರೂಪಾಯಿ 65 ಪೈಸೆ. ಜಾಹೀರಾತಿನಲ್ಲಿ "ಬರೀ 8 ಪರ್ಸೆಂಟ್" ಅಂತ ಇತ್ತು. ನೂರು ರೂಪಾಯಿಗೆ ನಮ್ಮಿಂದ ಹೋದದ್ದು 18 ರೂಪಾಯಿ ಚಿಲ್ಲರೆ. ಶುಲ್ಕವೇ ಇಲ್ಲ ಅನ್ನುವ ಸೇವೆಗಳೂ ಇವೆ. ಅಲ್ಲಿ ಕೊಡುವವರ ಪರದೆಯಲ್ಲಿ "ಟಿಪ್" ಅನ್ನುವುದು ಮೊದಲೇ ತುಂಬಿರುತ್ತದೆ, ನೋಡದೆ ಒತ್ತಿದರೆ ಅದೂ ಹೋಯಿತು.

ಆಮೇಲೆ ಆ ಎಕ್ಸೆಲ್ ಫೈಲ್ ಹಿಡಿದು ಕೂತೆ. ಒಂದೊಂದು ಹೆಸರಿನ ಮುಂದೆ ಇವರು ಯಾರ ಕಡೆಯವರು ಅಂತ ಬರೆದೆ. ಹುಡುಗಿಯ ಕಾಲೇಜು, ಅವಳ ಕೊಲ್ಕತ್ತದ ನೆಂಟರು, ಅಪ್ಪನ ಪೇಷಂಟುಗಳು, ನನ್ನ ಕಕ್ಷಿದಾರರು, ತಮ್ಮನ ಮಗ ಮದುವೆ ತೆಗೆದುಕೊಟ್ಟ ಜೋಡಿಗಳು. ಇವರೇ 181. ಯಾರಿಗೂ ಪರಿಚಯವಿಲ್ಲದವರು 33, ಅವರಿಂದ ಬಂದದ್ದು 21,700. ಅಂದರೆ ವೆಬ್‌ಸೈಟು ನಮಗೆ ಹುಡುಕಿ ಕೊಟ್ಟದ್ದಕ್ಕಿಂತ ಅದಕ್ಕೆ ನಾವು ಕೊಟ್ಟದ್ದು ಎರಡು ಪಟ್ಟು.

ತಮ್ಮನ ಮಗ ಶುರುವಿನಲ್ಲಿ ಪವನ್ ಕುಮಾರ್ ಅವರ 2013ರ 'ಲೂಸಿಯಾ'ದ ಉದಾಹರಣೆ ಕೊಟ್ಟಿದ್ದ. ಪ್ರೇಕ್ಷಕರೇ ರೊಕ್ಕ ಹಾಕಿದ ಕನ್ನಡ ಸಿನಿಮಾ, ನಮ್ಮದೂ ಆಗ್ತದ ಅಂತ. ನಾನು ಅದಕ್ಕೂ ಹಿಂದಿನದನ್ನು ಹೇಳಿದೆ. 1976ರಲ್ಲಿ ಶ್ಯಾಮ್ ಬೆನಗಲ್ ಅವರ 'ಮಂಥನ್'ಗೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. ಆದರೆ ಆ 5 ಲಕ್ಷ ಮಂದಿ ದಿನಾ ಹಾಲು ಹಾಕುವ ಸಂಘ ಮೊದಲೇ ಇತ್ತು. ಪವನ್ ಅವರಿಗೂ ಅವರ ಬರಹ ಓದುವ ಮಂದಿ ಮೊದಲೇ ಇದ್ದರು. ಸಂಘ ನಿಮ್ಮದಾಗಿರಬೇಕು; ಸಂಘವನ್ನೂ ನಾವೇ ಕೊಡುತ್ತೇವೆ ಅನ್ನುವ ವೆಬ್‌ಸೈಟಿನ ಮಾತು ನಂಬಬೇಡಿ. ಅದು ಕೊಡುವುದು ರಸೀದಿ ಪುಸ್ತಕ. ಚಲೋ ರಸೀದಿ ಪುಸ್ತಕ, ತುಟ್ಟಿ.

ನನ್ನ ರಸೀದಿ ಪುಸ್ತಕ 90 ರೂಪಾಯಿಗೆ ಬಂತು, ನೂರು ಹಾಳೆ. ಹುಡುಗಿಯನ್ನು ಕರೆದುಕೊಂಡು ಎರಡು ಸಂಜೆ ಶಹಾಪುರದ ಅಂಗಡಿ ಅಂಗಡಿ ಹತ್ತಿದೆ. ಎಲ್ಲ ಹೇಳುತ್ತ ಕೂತರೆ ಉದ್ದವಾದೀತು, ಒಂದು ಅಂಗಡಿಯದು ಹೇಳುತ್ತೇನೆ. ಗಾದಿಯ ಮೇಲೆ ಕೂತ ಯಜಮಾನರಿಗೆ ಎಪ್ಪತ್ತಾರು. ಮನೆ ಮಾತು ಮರಾಠಿ, ವ್ಯಾಪಾರ ಕನ್ನಡದಲ್ಲಿ, ಬೈಗುಳ ಎರಡರಲ್ಲೂ.

"ಚೀನಾದವರ ಸಿನಿಮಾಕ್ಕ ನಾವ್ಯಾಕ ರೊಕ್ಕ ಕೊಡಬೇಕ್ರಿ ವೈನಿ?"

ನಾನು ಬಾಯಿ ತೆರೆಯುವುದರೊಳಗೆ ಹುಡುಗಿಯೇ ಹೇಳಿದಳು. "ನಾ ಕೊಲ್ಕತ್ತದಾಕಿ ರೀ ಕಾಕಾ. ಚೀನಾ ಇನ್ನೂ ನೋಡೇ ಇಲ್ಲ."

"ನೋಡೇ ಇಲ್ಲ?"

"ಇಲ್ರೀ. ನೀವು?"

"ನಾ ಸೂರತ್ ಬಿಟ್ಟು ಮುಂದ ಹೋಗಿಲ್ಲ." ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹುಟ್ಟಿದಾಗ ಈ ಊರು ಮುಂಬೈ ರಾಜ್ಯದಾಗಿತ್ತು. ಎರಡನೇ ಇಯತ್ತೆಗೆ ಬರೂದ್ರಾಗ ಮೈಸೂರು ರಾಜ್ಯ ಆತು. ಆಮ್ಯಾಲ ಕರ್ನಾಟಕ. ಈಗ ಬೋರ್ಡಿನ ಮ್ಯಾಲ ಹೆಸರೂ ಬದಲಾತು. ನಾ ಇದs ಗಾದಿ ಮ್ಯಾಲ ಕುಂತೀನಿ, ಬಂದ ಬಂದವರೆಲ್ಲಾ ನೀವು ಯಾ ಕಡ್ಯಾವರ ಅಂತ ಕೇಳ್ತಾರ," ಅಂದರು.

ನೀವು ಏನಂತೀರಿ ಅಂತ ಹುಡುಗಿ ಕೇಳಿದಳು.

"ಸೀರಿ ತೋರಸ್ಲ್ಯಾ ಅಂತೀನಿ."

501 ರೂಪಾಯಿ ಕೊಟ್ಟರು. ರಸೀದಿ ತೀರಿಹೋದ ತಮ್ಮ ತಾಯಿಯ ಹೆಸರಿಗೆ ಹರಿಸಿದರು. ಯಾಕೆ ಅಂದಿದ್ದಕ್ಕೆ, "ಆಕಿಗೂ ಸೆಟ್ ಇತ್ತಲ್ರೀ" ಅಂದು ಗಿರಾಕಿ ಕಡೆ ತಿರುಗಿದರು.

ಎರಡು ಸಂಜೆ, 57 ರಸೀದಿ, 61,350 ರೂಪಾಯಿ. ಖರ್ಚು, ರಸೀದಿ ಪುಸ್ತಕದ್ದು ಬಿಟ್ಟರೆ, ನಮ್ಮ ಕಾಲು ನೋವು. ಯಾವ ಅಂಗಡಿಯವರೂ ಹುಡುಗಿಯ ಆಧಾರ್ ಕೇಳಲಿಲ್ಲ. ಹಾಗಂತ ಇದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಅವರ ಜಿಎಸ್‌ಟಿ ಪಾಸ್‌ವರ್ಡ್ ನನ್ನ ಹತ್ತಿರ ಇರುವುದೂ ಒಂದು ಕಾರಣ ಇರಬಹುದು.

ಸೇವೆಯ ಇನ್ನೊಂದು ಕೊರತೆ, ಇದರಲ್ಲಿ ತಪ್ಪು ಪೂರ್ತಿ ಅವರದಲ್ಲ. ಅಜ್ಜಿಯ ತಂಗಿ ಟೊರೊಂಟೊದಲ್ಲಿದ್ದಾರೆ. ದೇವಲಿಯಲ್ಲಿದ್ದ ಎಷ್ಟೋ ಕುಟುಂಬಗಳು ಮುಂದೆ ಕೆನಡಾ ಸೇರಿದವು. ಆ ತಂಗಿಯೂ ಮಾಕುಮ್‌ನಲ್ಲೇ ಹುಟ್ಟಿದವರು, ಅದೇ ರೈಲಿನಲ್ಲಿ ಹೋದವರು. ಅಕ್ಕನ ಚಿತ್ರಕ್ಕೆ 500 ಡಾಲರ್ ಹಾಕಲು ಹೋದರೆ ಕಾರ್ಡ್ ತಿರಸ್ಕೃತ. ನಾಲ್ಕು ಸಲ. ಕಾರಣ ಪರದೆಯ ಮೇಲೆ ಇರಲಿಲ್ಲ, ನಾನು ಹುಡುಕಿ ಹೇಳಬೇಕಾಯಿತು. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯ್ದೆಯ ಲೆಕ್ಕದಲ್ಲಿ ಬೇರೆ ದೇಶದ ಪ್ರಜೆ ಕೊಟ್ಟದ್ದು ವಿದೇಶಿ ದೇಣಿಗೆ. ಅವರು ಈಗ ಕೆನಡಾ ಪ್ರಜೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ, ಆದರೆ ಅವರಿಗೆ ಆ ಪಾಸ್‌ಪೋರ್ಟ್ ಇಲ್ಲ. ಹತ್ತಿರದ ಸಂಬಂಧಿಗೆ ಕಳಿಸಿದರೆ ವಿನಾಯಿತಿ ಇದೆ. ಆ ಸಂಬಂಧಿಗಳ ಪಟ್ಟಿಯಲ್ಲಿ ಅಕ್ಕ ತಂಗಿ ಬರುತ್ತಾರೆ, ಅಕ್ಕನ ಮೊಮ್ಮಗಳು ಬರುವುದಿಲ್ಲ. ಹಾಗಾಗಿ ರೊಕ್ಕ ತಂಗಿಯಿಂದ ಅಕ್ಕನ ಖಾತೆಗೇ ಬ್ಯಾಂಕ್ ಮೂಲಕ ನೆಟ್ಟಗೆ ಬಂತು. ಕೈಗೆ ಸಿಕ್ಕದ್ದು 30,000ದಷ್ಟು. ಈ ಒಂದು ಸಾಲನ್ನು ಆ ವೆಬ್‌ಸೈಟಿನವರು ಕಾರ್ಡ್ ಹಾಕುವ ಜಾಗದ ಪಕ್ಕ ಬರೆದಿದ್ದರೆ ಎಪ್ಪತ್ತು ದಾಟಿದ ಮುದುಕಿ ರಾತ್ರಿ ಎದ್ದು ಕೂತು ನಾಲ್ಕು ಸಲ ನಂಬರ್ ಒತ್ತುವುದು ತಪ್ಪುತ್ತಿತ್ತು.

 

ತೆರಿಗೆ ವಿಚಾರ ಯಾವ ಮ್ಯಾನೇಜರೂ ಹೇಳಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಸಂಬಂಧಿಗಳಲ್ಲದವರು ಒಂದು ವರ್ಷದಲ್ಲಿ ಕೊಟ್ಟದ್ದು ಒಟ್ಟು 50,000 ದಾಟಿದರೆ, ದಾಟಿದ್ದಷ್ಟೇ ಅಲ್ಲ, ಪೂರ್ತಿ ಮೊತ್ತ ಪಡೆದವರ ಆದಾಯಕ್ಕೆ ಸೇರುತ್ತದೆ. ಹುಡುಗಿಗೆ ಬೇರೆ ಆದಾಯವಿಲ್ಲ, ತೆರಿಗೆ ಬೀಳುವ ಮಿತಿಗಿಂತ ಕೆಳಗೇ ಉಳಿದಳು. ಅದೇ ರೊಕ್ಕ ಮದುವೆ ಶೂಟಿಂಗ್‌ನಿಂದ ಗಳಿಸುವ ನನ್ನ ತಮ್ಮನ ಮಗನ ಖಾತೆಗೆ ಬಿದ್ದಿದ್ದರೆ ಅವನ ಗಳಿಕೆಯ ಜೊತೆ ಕೂಡಿ ಲೆಕ್ಕವೇ ಬೇರೆ ಆಗುತ್ತಿತ್ತು. ಪುಟ ತೆರೆಯುವ ಮೊದಲು ಯಾರ ಪ್ಯಾನ್ ಅನ್ನುವುದನ್ನು ಯೋಚಿಸಿ. ಇನ್ನು ಕೊಟ್ಟವರು 80ಜಿ, ಅಂದರೆ ದೇಣಿಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಅದು ಆ ರಿಯಾಯಿತಿಗೆ ಮಾನ್ಯತೆ ಪಡೆದ ಸಂಸ್ಥೆ ಅಥವಾ ನಿಧಿಗೆ ಕೊಟ್ಟರೆ ಮಾತ್ರ. ಒಬ್ಬ ಹುಡುಗಿಯ ಚಿತ್ರಕ್ಕೆ ಕೊಟ್ಟದ್ದಕ್ಕೆ ಇಲ್ಲ.

ಒಟ್ಟು ಸೇರಿ ಕೈಯಲ್ಲಿರುವುದು 2,84,000 ಚಿಲ್ಲರೆ. 4 ಲಕ್ಷಕ್ಕೆ ಇನ್ನೂ ಒಂದು ಲಕ್ಷ ಹದಿನೈದು ಸಾವಿರ ಕಡಿಮೆ. ರೈಲಿನ ಡಬ್ಬಿ ಬಾಡಿಗೆಗೆ ತಗೊಂಡು 1962ರ ದೃಶ್ಯ ತೆಗೆಯುವ ಆಸೆ ಕೈಬಿಟ್ಟರು. "ಅತ್ತಿ, ರೈಲು ತೋರ್ಸೂದು ಬ್ಯಾಡ, ಸಪ್ಪಳಾ ಸಾಕು" ಅಂದ ತಮ್ಮನ ಮಗ. ಹೋದ ವಾರ ರಾತ್ರಿ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ಮೈಕ್ ಹಿಡಿದು ನಿಂತು ಗೂಡ್ಸ್ ಗಾಡಿಯ ಸಪ್ಪಳ ಹಿಡಿದುಕೊಂಡು ಬಂದರು. ಕೇಳಿಸಿದರು. ನಡುವೆ ಒಂದು ನಾಯಿ ಬೊಗಳಿದೆ. ಅದು ಇರಲಿ ಅಂದಳು ಹುಡುಗಿ. ಕೊಲ್ಕತ್ತದ ಶೂಟಿಂಗ್‌ಗೆ ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಟಿಕೆಟ್ ಆಗಿದೆ, ಸ್ಲೀಪರ್, ನಾಲ್ಕು ಮಂದಿ.

ರಸೀದಿ ಪುಸ್ತಕದಲ್ಲಿ ಇನ್ನೂ 43 ಹಾಳೆ ಇವೆ. ಸೋಮವಾರ ಸಂಜೆ ಖಡೇಬಜಾರಕ್ಕೆ ಹೋಗುತ್ತೇವೆ, ಅತ್ತೆಯವರೂ ಬರುತ್ತಾರಂತೆ, ಸೆಟ್ ಹಾಕಿಕೊಂಡು.